ತಮ್ಮನ ಕಾಲಿನ ಹಳೇ ಬ್ಲಾಕ್‌ಗೆ ಹೊಸ ಕ್ಯಾಥೆಟರ್ ಪ್ರಯೋಗ: ಸಹಿ ಹಾಕುವ ಮುಂಚೆ ಏನೇನು ಕೇಳಬೇಕು?

ತುಂಗಾತೀರ (ಶಿವಮೊಗ್ಗ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲ್ ಟೀಚರ್. ವಿಷಯ ನನ್ನ ತಮ್ಮನದು. ಅವನಿಗೆ 41 ವರ್ಷ, ಬೆಂಗಳೂರಿನ ಒಂದು ದರ್ಶಿನಿಯಲ್ಲಿ ದೋಸೆ ಹಾಕುವ ಕೆಲಸ. ಬೆಳಗಿನ ಜಾವ ಕಾವಲಿ ಮುಂದೆ ನಿಂತರೆ ಮಧ್ಯಾಹ್ನದ ಊಟದ ಹೊತ್ತು ಕಳೆಯುವವರೆಗೂ ಕೂರುವ ಮಾತಿಲ್ಲ.

2018ರಲ್ಲಿ ಬೈಕಿನಿಂದ ಬಿದ್ದು ಎಡಗಾಲು ಮುರಿದಿತ್ತು. ಪ್ಲಾಸ್ಟರ್ ಹಾಕಿ ಮಲಗಿದ್ದಾಗ ಆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ, ತೊಡೆಯವರೆಗೂ ಬಾತುಕೊಂಡಿತು. ಡಿವಿಟಿ ಅಂದರು. ಇಂಜೆಕ್ಷನ್, ಆಮೇಲೆ ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ಕೊಟ್ಟರು. ಜೀವ ಉಳಿಯಿತು, ಆದರೆ ಕಾಲು ಮೊದಲಿನ ಹಾಗೆ ಆಗಲೇ ಇಲ್ಲ. ಸಂಜೆಯಾದರೆ ಕಾಲು ಕಲ್ಲಿನಷ್ಟು ಭಾರ, ಮೀನಖಂಡದಲ್ಲಿ ಸೆಳೆತ. ಹರಡಿನ ಒಳಭಾಗದ ಚರ್ಮ ಕಪ್ಪಗಾಗಿ ಗಟ್ಟಿಯಾಗಿದೆ. ಎರಡು ವರ್ಷದಿಂದ ಅಲ್ಲೇ ಒಂದು ಹುಣ್ಣು. ಮಾಯುತ್ತದೆ, ಮತ್ತೆ ಬಾಯಿ ಬಿಡುತ್ತದೆ.

ಈಗ ತೋರಿಸುತ್ತಿರುವ ಡಾಕ್ಟರು, ಕಿಬ್ಬೊಟ್ಟೆಯಿಂದ ತೊಡೆಸಂದಿನವರೆಗೆ ಎಡಗಡೆಯ ದೊಡ್ಡ ರಕ್ತನಾಳ ಪೂರ್ತಿ ಮುಚ್ಚಿದೆ ಅಂತಾರೆ. ಬಲೂನ್ ಹಾಕಿ ಹಿಗ್ಗಿಸಿ ಸ್ಟೆಂಟ್ ಇಡಬಹುದಂತೆ, ಅದಕ್ಕೆ ದುಡ್ಡಾಗುತ್ತೆ. ಇನ್ನೊಂದು ದಾರಿ, ಅವರಲ್ಲಿ ಹಳೇ ಬ್ಲಾಕ್ ತೆಗೆಯುವ ಹೊಸ ಕ್ಯಾಥೆಟರ್ (ನಾಳದೊಳಗೆ ತೂರಿಸುವ ಸಣ್ಣ ಕೊಳವೆ) ಒಂದರ ಪರೀಕ್ಷೆ ನಡೆಯುತ್ತಿದೆ, ಸೇರಿಕೊಂಡರೆ ಆ ಸಾಧನಕ್ಕೆ ದುಡ್ಡಿಲ್ಲ. ಒಪ್ಪಿಗೆ ಪತ್ರ ಮನೆಗೆ ಕೊಟ್ಟು ಕಳಿಸಿದ್ದಾರೆ. ಕನ್ನಡದಲ್ಲೇ ಇದೆ, ಆದರೆ ಕನ್ನಡ ಪಾಠ ಮಾಡುವ ನನಗೇ ಎರಡೆರಡು ಸಲ ಓದಬೇಕಾಯಿತು. ಅರ್ಥವಾದದ್ದಿಷ್ಟು: ಸೇರಿದವರೆಲ್ಲರಿಗೂ ಹೊಸ ಸಾಧನವನ್ನೇ ಬಳಸುತ್ತಾರೆ, ಆರು ತಿಂಗಳಿಗೆ ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಸ್ಕ್ಯಾನ್ ಆದ ಡಾಪ್ಲರ್‌ನಲ್ಲಿ ನಾಳ ತೆರೆದೇ ಇದೆಯಾ ಅಂತ ನೋಡುತ್ತಾರೆ, ಒಂದು ವರ್ಷ ಕರೆಸುತ್ತಾರೆ.

ತಮ್ಮನ ಹೆಂಡತಿ ಹೆದರಿ ಬೇಡ ಅನ್ನುತ್ತಿದ್ದಾಳೆ. ಇವನು "ಅಕ್ಕ, ನೀನು ಓದಿ ಹೂಂ ಅಂದ್ರೆ ಸಹಿ ಹಾಕ್ತೀನಿ" ಅಂತಾನೆ. ಅವನ ಕಾಲಿನ ಭಾರ ನನ್ನ ತಲೆ ಮೇಲೆ ಬಂದಂತಾಗಿದೆ. ಗೊತ್ತಿರುವವರು ದಯವಿಟ್ಟು ಹೇಳಿ, ಆ ಡಾಕ್ಟರ ಮುಂದೆ ಕೂತಾಗ ನಾನು ಏನು ಕೇಳಬೇಕು?

---

ಮದ್ದೂರು ಗೌಡ:

ಬೇಡ ಅಕ್ಕ. ಬಿಟ್ಟಿ ಕೊಡ್ತಾರೆ ಅಂದ್ರೆ ನಮ್ಮಂಥೋರ ಮೈ ಮೇಲೆ ಕಲೀತಾರೆ ಅಂತಲೇ. ಸಾಲ ಮಾಡಿಯಾದ್ರೂ ಎಲ್ಲರಿಗೂ ಮಾಡೋ ಚಿಕಿತ್ಸೆಯನ್ನೇ ಮಾಡಿಸಿ.

---

ಕ್ಯಾಥ್‌ಲ್ಯಾಬ್ ಸಿಸ್ಟರ್:

ಮೇಡಂ, ನಾನು ಮೊದಲು ಕ್ಯಾಥೆಟರ್ ಹಾಕುವ ಕೋಣೆಯಾದ ಕ್ಯಾಥ್ ಲ್ಯಾಬ್‌ನಲ್ಲಿ ಸ್ಟಾಫ್ ನರ್ಸ್ ಆಗಿದ್ದೆ, ಈಗ ಇಂಥ ಪರೀಕ್ಷೆಗಳಲ್ಲೇ ಕೋಆರ್ಡಿನೇಟರ್. ರೋಗಿಗಳಿಗೆ ಒಪ್ಪಿಗೆ ಪತ್ರ ಓದಿ ಹೇಳುವುದು ನನ್ನ ದಿನನಿತ್ಯದ ಕೆಲಸ. ನಿಮ್ಮ ತಮ್ಮನ ಅಧ್ಯಯನಕ್ಕೂ ನನಗೂ ಸಂಬಂಧ ಇಲ್ಲ, ಸೇರಿ ಅಂತಲೂ ಬೇಡ ಅಂತಲೂ ಹೇಳುವುದಿಲ್ಲ. ಗೌಡರ ಭಯ ನನಗೆ ಅರ್ಥವಾಗುತ್ತೆ. ಆದರೆ ಹಳೇ ಬ್ಲಾಕ್ ವಿಷಯದಲ್ಲಿ "ಎಲ್ಲರಿಗೂ ಮಾಡುವ ಚಿಕಿತ್ಸೆ"ಯೂ ಪಕ್ಕಾ ಅಲ್ಲ. ಅಲ್ಲಿಂದಲೇ ಶುರು ಮಾಡ್ತೀನಿ.

ಹೊಸ ಹೆಪ್ಪು ಮೆತ್ತಗಿರುತ್ತೆ. ಮೊದಲ ಎರಡು ವಾರದ ಒಳಗಾದರೆ ಔಷಧಿಯಿಂದ ಕರಗಿಸಬಹುದು, ಪೈಪ್ ಹಾಕಿ ಹೀರಬಹುದು. ತಿಂಗಳುಗಟ್ಟಲೆ ಉಳಿದರೆ ಅದು ರಕ್ತವಾಗಿ ಉಳಿಯುವುದಿಲ್ಲ, ಕೊಲಾಜೆನ್ ತುಂಬಿ ಗಾಯದ ಕಲೆಯಂತೆ ಗಟ್ಟಿಯಾಗುತ್ತೆ. ಬಲಿತು ಒಣಗಿದ ಹೀರೇಕಾಯಿ ಒಳಗಿನ ನಾರು ನೋಡಿದ್ದೀರಲ್ಲ, ನಾಳದ ಒಳಗೆ ಹೆಚ್ಚೂಕಮ್ಮಿ ಹಾಗೆ ಬಲೆಬಲೆಯಾಗಿ ಗೋಡೆಗೆ ಅಂಟಿರುತ್ತೆ. ಕರಗಿಸುವ ಔಷಧಿ ಅದಕ್ಕೆ ನಾಟುವುದಿಲ್ಲ. ಬಲೂನ್ ಹಿಗ್ಗಿಸಿದರೆ ನಾರು ಪಕ್ಕಕ್ಕೆ ಸರಿದು, ಬಲೂನ್ ತೆಗೆದ ಕೂಡಲೇ ಮತ್ತೆ ಮುದುಡಿಕೊಳ್ಳುತ್ತೆ. ಅದಕ್ಕೇ ಸ್ಟೆಂಟ್ ಇಟ್ಟು ತಡೆಯುವುದು. ನಿಮ್ಮ ತಮ್ಮನಿಗೆ ಎಡಗಡೆಯೇ ಆಗಿರುವುದಕ್ಕೂ ಒಂದು ಕಾರಣ ಇರಬಹುದು. ಬಲಗಾಲಿಗೆ ಹೋಗುವ ಅಪಧಮನಿ ಎಡಗಾಲಿನಿಂದ ಬರುವ ನಾಳದ ಮೇಲೆ ಹಾದು, ಅದನ್ನು ಬೆನ್ನುಮೂಳೆಗೆ ಒತ್ತಿರುತ್ತೆ. 1957ರಲ್ಲಿ ಮೇ ಮತ್ತು ಥರ್ನರ್ ಎಂಬ ವೈದ್ಯರು ಇದನ್ನು ವಿವರಿಸಿದ್ದರಿಂದ ಅವರ ಹೆಸರಲ್ಲೇ ಕರೀತಾರೆ. ರಿಪೋರ್ಟ್‌ನಲ್ಲಿ "ಮೇ-ಥರ್ನರ್" ಅಂತ ಬರೆದಿದೆಯಾ ನೋಡಿ. ಆ ಒತ್ತಡ ಇದ್ದರೆ ನಾರು ತೆಗೆದ ಮೇಲೂ ಸ್ಟೆಂಟ್ ಬೇಕೇ ಆಗುತ್ತೆ.

ಈಗ ಬರುತ್ತಿರುವ ಹೊಸ ಕ್ಯಾಥೆಟರ್‌ಗಳು ಈ ನಾರನ್ನೇ ತೆಗೆದು ಹೊರಗೆ ತರಲು ಮಾಡಿದವು. ಮಂಡಿಯ ಹಿಂಭಾಗದಿಂದಲೋ ಕುತ್ತಿಗೆಯಿಂದಲೋ ನಾಳಕ್ಕೆ ತೂತು ಮಾಡಿ ತಂತಿ ದಾಟಿಸುತ್ತಾರೆ. ತಂತಿ ದಾಟುವುದೇ ಅರ್ಧ ಕಷ್ಟ, ಕೆಲವರಲ್ಲಿ ದಾಟುವುದೇ ಇಲ್ಲ. ಆಮೇಲೆ ತುದಿಯಲ್ಲಿ ಅರಳುವ ಲೋಹದ ಭಾಗ ಇರುವ ಕ್ಯಾಥೆಟರ್ ಹೋಗುತ್ತೆ. ಎಷ್ಟು ಅರಳಬೇಕು ಅನ್ನುವುದನ್ನು ಡಾಕ್ಟರು ಹೊರಗಿನ ಹಿಡಿಯಿಂದ ಹತೋಟಿ ಮಾಡುತ್ತಾರೆ. ಅದು ಗೋಡೆಯಿಂದ ನಾರು ಕೆರೆದು ಬಿಡಿಸಿ ಬಲೆಯಂಥ ಚೀಲದಲ್ಲಿ ಹಿಡಿಯುತ್ತೆ. ಹೃದಯದ ಸ್ಟೆಂಟ್ ಮೂರು ಮಿಲಿಮೀಟರ್ ಆಸುಪಾಸು. ಇಲ್ಲಿನ ನಾಳ 14-16 ಮಿಲಿಮೀಟರ್ ಅಗಲ, ಗೋಡೆ ಮಾತ್ರ ಬಹಳ ತೆಳು. ಆದ್ದರಿಂದ ತೂತಾಗುವುದು, ರಕ್ತಸ್ರಾವ, ಚೂರು ಕಳಚಿ ಶ್ವಾಸಕೋಶಕ್ಕೆ ಹೋಗುವುದು, ಮತ್ತೆ ಹೆಪ್ಪುಗಟ್ಟುವುದು, ಇವು ನಿಜವಾದ ಅಪಾಯಗಳು. ಒಪ್ಪಿಗೆ ಪತ್ರದಲ್ಲಿ ಇವು ಬರೆದಿರಲೇಬೇಕು. ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ.

ಈಗ ಮುಖ್ಯ ಮಾತು. ನಾಳ ತೆರೆಯುವುದು ಬೇರೆ, ಕಾಲು ಸುಧಾರಿಸುವುದು ಬೇರೆ. ಇದನ್ನು ನಮಗೆ ಕಲಿಸಿದ್ದು ಅಟ್ರಾಕ್ಟ್ ಎಂಬ ಅಮೆರಿಕದ ಅಧ್ಯಯನ. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಡಾ. ಸುರೇಶ್ ವೇದಾಂತಂ ಅವರ ನೇತೃತ್ವ, 692 ರೋಗಿಗಳು, 2017ರಲ್ಲಿ ಪ್ರಕಟವಾಯಿತು. ಅವರೆಲ್ಲ ಹೊಸದಾಗಿ ಹೆಪ್ಪುಗಟ್ಟಿದವರು, ನಿಮ್ಮ ತಮ್ಮನಂತೆ ಹಳಬರಲ್ಲ. ಅರ್ಧ ಜನಕ್ಕೆ ಕ್ಯಾಥೆಟರ್ ಹಾಕಿ ಹೆಪ್ಪು ತೆಗೆದರು, ಉಳಿದವರಿಗೆ ರಕ್ತ ತೆಳುವಾಗಿಸುವ ಮಾತ್ರೆ ಮಾತ್ರ. ಹೆಪ್ಪು ತೆಗೆದವರ ಕಾಲು ಚೆನ್ನಾಗಿರುತ್ತೆ ಅಂತ ಎಲ್ಲರೂ ಅಂದುಕೊಂಡಿದ್ದೆವು. ಎರಡು ವರ್ಷದ ಕೊನೆಗೆ ಊತ, ಭಾರ, ಹುಣ್ಣಿನ ತೊಂದರೆ ಕ್ಯಾಥೆಟರ್ ಗುಂಪಿನಲ್ಲಿ 47%, ಮಾತ್ರೆ ಗುಂಪಿನಲ್ಲಿ 48%. ದೊಡ್ಡ ರಕ್ತಸ್ರಾವ ಮೊದಲ ಹತ್ತು ದಿನದಲ್ಲಿ 1.7% ಮತ್ತು 0.3%. ತೀವ್ರತೆ ನೋಡಿದರೆ ಕ್ಯಾಥೆಟರ್ ಗುಂಪಿಗೆ ಸ್ವಲ್ಪ ಲಾಭ ಇತ್ತು. ಮಧ್ಯಮ ಅಥವಾ ತೀವ್ರ ತೊಂದರೆ 18% ಮತ್ತು 24%. ಪಕ್ಕದಲ್ಲಿ ಹೋಲಿಸಲು ಇನ್ನೊಂದು ಗುಂಪು ಇಲ್ಲದೇ ಹೋಗಿದ್ದರೆ ಈ ಸತ್ಯ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ನಿಮ್ಮ ತಮ್ಮನ ಅಧ್ಯಯನದಲ್ಲಿ ಎಲ್ಲರಿಗೂ ಹೊಸ ಸಾಧನವೇ ಅಂದಿರಿ. ಅಂದರೆ ಹೋಲಿಕೆ ಗುಂಪು ಇಲ್ಲ. ಸಾಧನದ ಆರಂಭದ ಹಂತದಲ್ಲಿ ಇದು ಮಾಮೂಲು, ತಪ್ಪಲ್ಲ. ಆದರೆ ಅದರಿಂದ ತಿಳಿಯುವುದು "ಸುರಕ್ಷಿತವಾಗಿ ನಾಳ ತೆರೆಯುತ್ತಾ" ಅನ್ನುವುದಷ್ಟೇ, "ಮಾಮೂಲಿ ಸ್ಟೆಂಟ್‌ಗಿಂತ ಒಳ್ಳೆಯದಾ" ಅಂತ ತಿಳಿಯುವುದಿಲ್ಲ. ಆದ್ದರಿಂದ ಡಾಕ್ಟರನ್ನು ಮೊದಲು ಇದನ್ನೇ ಕೇಳಿ: ಡಾಪ್ಲರ್ ಬಿಟ್ಟು ಕಾಲಿನ ಸ್ಥಿತಿಯನ್ನು ಹೇಗೆ ಅಳೀತೀರಿ? ವಿಲ್ಲಾಲ್ಟಾ ಸ್ಕೋರ್ ಅಂತ ಒಂದಿದೆ. ನೋವು, ಸೆಳೆತ, ಭಾರ, ಜುಮ್ಮೆನ್ನುವುದು, ತುರಿಕೆ ಈ ಐದನ್ನು ರೋಗಿಯೇ ಹೇಳಬೇಕು. ಊತ, ಚರ್ಮದ ಗಡಸು, ಕಪ್ಪು, ಕೆಂಪು, ಉಬ್ಬಿದ ನಾಳ, ಒತ್ತಿದರೆ ನೋವು ಈ ಆರನ್ನು ಪರೀಕ್ಷಿಸುವವರು ನೋಡಬೇಕು. ಒಂದೊಂದಕ್ಕೂ 0ರಿಂದ 3, ಒಟ್ಟು 33. ಹುಣ್ಣು ಇದ್ದರೆ ಹಾಗೇ ತೀವ್ರ ಅಂತ ಲೆಕ್ಕ. ಇದನ್ನು ಮೊದಲೂ ಆಮೇಲೂ ಬರೆದಿಡುತ್ತಾರಾ? ಹುಣ್ಣಿನ ಅಳತೆ ತೆಗೀತಾರಾ? ದೋಸೆ ಹಾಕುವ ಮನುಷ್ಯನಿಗೆ ಬೇಕಾಗಿರುವುದು ಸಂಜೆ ಕಾಲು ಹಗುರವಾಗುವುದು, ಸ್ಕ್ರೀನ್ ಮೇಲೆ ನೀಲಿ ಬಣ್ಣ ಕಾಣುವುದಲ್ಲ.

ಎರಡನೆಯದು ಕೆಳಗಿನಿಂದ ಬರುವ ಹರಿವು. ಮೇಲಿನ ನಾಳ ಎಷ್ಟು ಚೆನ್ನಾಗಿ ತೆರೆದರೂ ತೊಡೆಯಿಂದ ರಕ್ತ ಸಾಕಷ್ಟು ಬಾರದಿದ್ದರೆ ಅದು ಮತ್ತೆ ಮುಚ್ಚುತ್ತೆ. ತೊಡೆಯ ಮುಖ್ಯ ನಾಳ ಮತ್ತು ಆಳದ ನಾಳ ಎರಡೂ ಹೇಗಿವೆ ಅಂತ ಕೇಳಿ. ಒಳಗಿನಿಂದಲೇ ನೋಡುವ ಅಲ್ಟ್ರಾಸೌಂಡ್, ಐವಸ್, ಬಳಸುತ್ತಾರಾ ಅಂತಲೂ ಕೇಳಿ. 100 ರೋಗಿಗಳ ಒಂದು ಅಧ್ಯಯನದಲ್ಲಿ ಬರೀ ಡೈ ಹಾಕಿ ತೆಗೆದ ಚಿತ್ರ ನೋಡಿ ಮಾಡಿದ ಯೋಜನೆ, ಐವಸ್ ನೋಡಿದ ಮೇಲೆ 57 ಜನರಲ್ಲಿ ಬದಲಾಯಿತು.

ಇನ್ನು ಕಾನೂನು. ನಮ್ಮ ದೇಶದಲ್ಲಿ ವೈದ್ಯಕೀಯ ಸಾಧನ ನಿಯಮ 2017 ಇದೆ, 2018ರ ಜನವರಿಯಿಂದ ಜಾರಿ. ಹೊಸ ಬಗೆಯ ಸಾಧನವನ್ನು ಮನುಷ್ಯರ ಮೇಲೆ ಪರೀಕ್ಷಿಸಲು ಕೇಂದ್ರದ ಅನುಮತಿ ಬೇಕು, ಆ ಪತ್ರದ ಹೆಸರು ಫಾರ್ಮ್ ಎಂಡಿ-23. ರೋಗಿಗಳ ಹಿತ ಕಾಯುವ ಎಥಿಕ್ಸ್ ಕಮಿಟಿ ಒಪ್ಪಿರಬೇಕು. ಮೊದಲ ರೋಗಿಯನ್ನು ಸೇರಿಸುವ ಮುಂಚೆಯೇ ಸಿಟಿಆರ್‌ಐ, ಅಂದರೆ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಇಂಡಿಯಾದಲ್ಲಿ, ನೋಂದಣಿ ಆಗಿರಬೇಕು. ಅದು ಯಾರು ಬೇಕಾದರೂ ತೆರೆದು ನೋಡಬಹುದಾದ ವೆಬ್‌ಸೈಟ್. ನಂಬರ್ ಕೇಳಿ ತಗೊಂಡು ಮನೆಯಲ್ಲಿ ಕೂತು ಹುಡುಕಿ: ಎಷ್ಟು ಜನ, ಯಾವ ಯಾವ ಆಸ್ಪತ್ರೆ, ಏನನ್ನು ಅಳೆಯುತ್ತಾರೆ ಎಲ್ಲ ಅಲ್ಲಿರುತ್ತೆ. ನಂಬರ್ ಕೊಡಲು ತಡಬಡಾಯಿಸಿದರೆ ಎದ್ದು ಬನ್ನಿ.

ಪರೀಕ್ಷೆಯಿಂದ ಹಾನಿಯಾದರೆ ಚಿಕಿತ್ಸೆ ಉಚಿತ, ಪರಿಹಾರವೂ ಸಿಗಬೇಕು. ಆ ಪುಟದಲ್ಲಿ ಯಾರನ್ನು ಸಂಪರ್ಕಿಸಬೇಕು ಅನ್ನುವುದು ಇದೆಯಾ ನೋಡಿ. ಯಾವಾಗ ಬೇಕಾದರೂ ಹೊರಬರಬಹುದು, ಬಂದರೆ ಮಾಮೂಲಿ ಚಿಕಿತ್ಸೆಗೆ ಅಡ್ಡಿ ಮಾಡುವಂತಿಲ್ಲ. ಸಹಿಯಾದ ಪತ್ರದ ಪ್ರತಿ ನಿಮ್ಮ ಕೈಗೆ ಬರಬೇಕು. ಮನೆಗೆ ಕೊಟ್ಟು ಕಳಿಸಿದ್ದಾರೆ ಅಂದಿರಲ್ಲ, ಅದು ಒಳ್ಳೆಯ ಲಕ್ಷಣ.

"ದುಡ್ಡಿಲ್ಲ" ಅನ್ನುವುದನ್ನು ಬಿಡಿಸಿ ಕೇಳಿ. ಕ್ಯಾಥೆಟರ್ ಮಾತ್ರವಾ? ಸ್ಟೆಂಟ್ ಬೇಕಾದರೆ ಅದರ ದುಡ್ಡು ಯಾರದು? ಐವಸ್, ವಾರ್ಡು, ಆಮೇಲಿನ ಮಾತ್ರೆ, ಪ್ರತಿ ಸಲ ಬರುವ ಬಸ್ ಚಾರ್ಜು, ಕಳೆದುಕೊಂಡ ದಿನಗೂಲಿ? ಬಡವರ ಮನೆಯಲ್ಲಿ ಸಹಿ ಹಾಕಿಸುವುದು ಈ ಒಂದು ಪದವೇ. ಅದಕ್ಕೆ ನನಗೆ ಇದರ ಬಗ್ಗೆ ಬಹಳ ಕಾಳಜಿ.

---

ಬಿಳೀ ಪಟ್ಟಿ (ಹುಬ್ಬಳ್ಳಿ):

ಅಕ್ಕಾರ, ನನಗೂ ಇದ ಬ್ಯಾನಿ. ಹೆರಿಗಿ ಆದಮ್ಯಾಲ ಎಡಗಾಲಾಗ ಹೆಪ್ಪಗಟ್ಟಿತ್ತು. ನನಗ ಮಾಮೂಲಿ ಸ್ಟೆಂಟ್ ಹಾಕ್ಯಾರ, ಪರೀಕ್ಷಾದ್ದು ಅಲ್ಲ. ಕಾಲು ಹಗುರ ಆಗೇತಿ, ಖರೇನ. ಆದ್ರ ಪೂರ್ತಿ ಮೊದಲಿನಂಗ ಆಗಿಲ್ಲ, ಒಳಗಿನ ಕವಾಟ ಹಾಳಾಗಿದ್ದು ಹಾಳಾಗಿದ್ದ. ಸ್ಟೆಂಟ್ ಹಾಕಿದ್ರೂ ಮಾತ್ರಿ ತಪ್ಪಿಲ್ಲ, ಸ್ಟಾಕಿಂಗ್ಸೂ ತಪ್ಪಿಲ್ಲ. ತಮ್ಮಗ ಇದನ್ನ ಮೊದಲ ಹೇಳ್ರಿ, ಆಮ್ಯಾಲ ಬ್ಯಾಸರ ಮಾಡ್ಕೋಬಾರದು.

ಹುಣ್ಣಿಗೆ ಪಟ್ಟಿ ಸರಿಯಾಗಿ ಕಟ್ಟಾಕತ್ತಾರೇನು? ಬರೇ ಮುಲಾಮು ಹಚ್ಚಿ ಮ್ಯಾಲೆ ಬಟ್ಟಿ ಸುತ್ತಿದ್ರ ಉಪಯೋಗಿಲ್ಲ. ಪಾದದಿಂದ ಮಂಡಿ ತನಕ ಬಿಗಿ ಪಟ್ಟಿ ಕಟ್ಟಬೇಕು, ಕೆಳಗ ಹೆಚ್ಚು ಬಿಗಿ, ಮ್ಯಾಲೆ ಕಡಿಮಿ. ಅದಕ್ಕೂ ಮೊದಲ ಕಾಲಿನ ಅಪಧಮನಿ ಛಲೋ ಐತಿ ಅಂತ ಡಾಕ್ಟರ್ ನೋಡಿರಬೇಕು. ಸ್ಟಾಕಿಂಗ್ಸ್ ಬಗ್ಗೆ ಕೆನಡಾ, ಅಮೆರಿಕಾದಾಗ 806 ಮಂದಿ ಮ್ಯಾಲೆ ಮಾಡಿದ ಅಧ್ಯಯನ ಐತಿ, ಹೆಪ್ಪು ಆದವರು ಹಾಕ್ಕೊಂಡ್ರ ಈ ಬ್ಯಾನಿ ಬರೂದು ತಪ್ಪಲಿಲ್ಲಂತ. ಆದ್ರ ಬ್ಯಾನಿ ಬಂದಮ್ಯಾಲ ಬಾವು ಇಳಿಸಾಕ, ಹುಣ್ಣು ಮಾಯಾಕ ಬಿಗಿ ಪಟ್ಟಿ ನನಗಂತೂ ಕೈ ಹಿಡದೈತಿ.

ಕಾವಲಿ ಮುಂದ ನಿಂತಾಗ ನಡುನಡುವ ಹಿಮ್ಮಡಿ ಎತ್ತಿ ಇಳಿಸಾಕ ಹೇಳ್ರಿ, ಮೀನಖಂಡ ಕೆಲಸಾ ಮಾಡಿದ್ರ ರಕ್ತ ಮ್ಯಾಲೆ ಹೋಗ್ತೈತಿ. ಮಾಲೀಕರಿಗೆ ಹೇಳಿ ಕೂತು ಮಾಡು ಕೆಲಸ, ಬಿಲ್ಲಿಂಗೋ ಮತ್ತೊಂದೋ, ಕೊಡಸಾಕ ಆಗ್ತದೇನು ನೋಡ್ರಿ.

---

ಗಾಲ್ವೇ ಕನ್ನಡಿಗ:

ನಾನು ಐರ್ಲೆಂಡಿನ ಗಾಲ್ವೇಯಲ್ಲಿ ಕ್ಯಾಥೆಟರ್ ವಿನ್ಯಾಸದ ಎಂಜಿನಿಯರ್, ಊರು ತುಮಕೂರು. ಸಿಸ್ಟರ್ ಆಸ್ಪತ್ರೆ ಕಡೆಯಿಂದ ಹೇಳಿದ್ದನ್ನು ನಾನು ತಯಾರಿಸುವವರ ಕಡೆಯಿಂದ ಮುಂದುವರಿಸುತ್ತೇನೆ.

ಮನುಷ್ಯನ ಹತ್ತಿರ ಹೋಗುವ ಮುಂಚೆ ಇಂಥ ಸಾಧನವನ್ನು ಬೆಂಚಿನ ಮೇಲೆ ಬಹಳ ಗೋಳು ಹೊಯ್ದುಕೊಳ್ಳುತ್ತೇವೆ. ಎಳೆದು ಕೀಲುಗಳು ಕಿತ್ತು ಬರುತ್ತವಾ ಅಂತ ನೋಡುವುದು, ಬಗ್ಗಿಸಿ ತಿರುಚುವುದು, ಸಿಲಿಕೋನ್ ನಾಳದಲ್ಲಿ ದೇಹದ ಬಿಸಿಯ ದ್ರವ ಹರಿಸಿ ಮತ್ತೆ ಮತ್ತೆ ಅರಳಿಸಿ ಮುಚ್ಚುವುದು. ಕ್ಯಾಥೆಟರ್‌ಗೆ ಐಎಸ್‌ಒ 10555, ದೇಹಕ್ಕೆ ಒಗ್ಗುವ ವಸ್ತುವಾ ಅನ್ನುವುದಕ್ಕೆ ಐಎಸ್‌ಒ 10993 ಅಂತ ಮಾನದಂಡಗಳಿವೆ. ಆಮೇಲೆ ಪ್ರಾಣಿಗಳು, ಹೆಚ್ಚಾಗಿ ಹಂದಿ ಅಥವಾ ಕುರಿ.

ಹಳೇ ಬ್ಲಾಕ್‌ನ ತೊಡಕು ಇಲ್ಲೇ ಇದೆ. ನಾಲ್ಕು ವಾರದ ಹೆಪ್ಪನ್ನು ಪ್ರಾಣಿಯಲ್ಲಿ ತಯಾರಿಸಬಹುದು. ಏಳು ವರ್ಷದ ನಾರನ್ನು ತಯಾರಿಸುವುದು ಹೇಗೆ? ಪ್ರಯೋಗಾಲಯದಲ್ಲಿ ನಾವು ಕೆರೆಯುವುದು ಆ ನಾರಿನ ಅಣಕನ್ನು, ಆ ನಾರನ್ನಲ್ಲ. ಗೋಡೆ ಎಲ್ಲಿ ಮುಗಿಯುತ್ತೆ, ನಾರು ಎಲ್ಲಿ ಶುರುವಾಗುತ್ತೆ ಅನ್ನುವ ಗೆರೆ ಮನುಷ್ಯನ ಕಾಲಿನಲ್ಲೇ ಗೊತ್ತಾಗುವುದು. ಹಾಗಾಗಿ ಈ ಸಾಧನಗಳಲ್ಲಿ ಮೊದಲ ಕೆಲವು ರೋಗಿಗಳಿಂದ ಸಿಗುವ ತಿಳಿವಳಿಕೆ ತುಂಬ ದೊಡ್ಡದು. ಅವರ ಋಣ ನಮ್ಮ ಮೇಲೆ ಇರುತ್ತೆ, ಇದನ್ನು ಮನಸ್ಸಿನಿಂದ ಹೇಳುತ್ತಿದ್ದೇನೆ. ನೀವು ಕೇಳಬೇಕಾದ ಪ್ರಶ್ನೆ: ನಿಮ್ಮ ತಮ್ಮ ಎಷ್ಟನೆಯವನು? ಈ ಸಾಧನವನ್ನು ಈಗಾಗಲೇ ಎಷ್ಟು ಜನರಲ್ಲಿ ಬಳಸಿದ್ದಾರೆ, ಅವರಿಗೆ ಏನಾಯಿತು? ಈ ಡಾಕ್ಟರು ಸ್ವತಃ ಎಷ್ಟು ಮಾಡಿದ್ದಾರೆ? ನಮ್ಮ ನಿಯಮದಲ್ಲೇ ಪೈಲಟ್ ಮತ್ತು ಪಿವೋಟಲ್ ಅಂತ ಎರಡು ಹಂತಗಳಿವೆ. ಪೈಲಟ್ ಅಂದರೆ ಮನುಷ್ಯರಲ್ಲಿ ಮೊದಲ ಸಲ, ಪಿವೋಟಲ್ ಅಂದರೆ ಅದರ ನಂತರದ ದೊಡ್ಡ ಪರೀಕ್ಷೆ.

ಅನುಮತಿ ಸಿಕ್ಕ ಮಾತ್ರಕ್ಕೂ ಕಣ್ಣು ಮುಚ್ಚಬೇಡಿ. ಅಮೆರಿಕದಲ್ಲಿ ಕಾಲಿನ ನಾಳಕ್ಕೆಂದೇ 2019ರಲ್ಲಿ ಮೊದಲು ಒಪ್ಪಿಗೆ ಪಡೆದ ಎರಡು ಸ್ಟೆಂಟ್‌ಗಳು ವೆನೋವೋ ಮತ್ತು ವಿಸಿ. 2021ರಲ್ಲಿ ಎರಡನ್ನೂ ವಾಪಸ್ ಕರೆಸಿಕೊಳ್ಳಬೇಕಾಯಿತು. ವಿಸಿಯ ವಿಷಯದಲ್ಲಿ ಕಾರಣ, ಇಟ್ಟ ಜಾಗದಿಂದ ಸ್ಟೆಂಟ್ ಜರುಗುವ ಅಪಾಯ. ಆದ್ದರಿಂದ ಒಂದು ವರ್ಷ ಮುಗಿದ ಮೇಲೆ ಯಾರು ನೋಡಿಕೊಳ್ಳುತ್ತಾರೆ ಅನ್ನುವುದನ್ನೂ ಈಗಲೇ ಕೇಳಿ.

---

ತುಂಗಾತೀರ:

ಎಲ್ಲರಿಗೂ ಕೈಮುಗಿದೆ. ನಿನ್ನೆ ತಮ್ಮ, ಅವನ ಹೆಂಡತಿ, ನಾನು ಮೂವರೂ ಹೋಗಿದ್ದೆವು. ಸಿಟಿಆರ್‌ಐ ನಂಬರ್ ಕೇಳಿದ ಕೂಡಲೇ ಕೊಟ್ಟರು, ಹುಡುಕಿದೆ, ಇದೆ. ಮನುಷ್ಯರಲ್ಲಿ ಮೊದಲ ಸಲ ಅಲ್ಲವಂತೆ, ಹೊರದೇಶದಲ್ಲಿ ಬಳಸಿದ್ದಾರೆ, ಈ ಡಾಕ್ಟರು ಮಾಡಿರುವುದು ಕೆಲವೇ ಕೆಲವು. ಅದನ್ನು ಅವರೇ ಮುಚ್ಚುಮರೆಯಿಲ್ಲದೆ ಹೇಳಿದರು. ವಿಲ್ಲಾಲ್ಟಾ ಸ್ಕೋರ್ ಬರೆದಿಡುತ್ತಾರಂತೆ. ಸ್ಟೆಂಟ್ ಖರ್ಚು ಮಾತ್ರ ನಮ್ಮದು! ಪತ್ರದಲ್ಲಿ ಒಂದು ಸಾಲಿನಲ್ಲಿತ್ತು, ನಾನು ಗಮನಿಸಿರಲಿಲ್ಲ.

ತೊಡೆಯ ಹರಿವಿನ ಬಗ್ಗೆ ಕೇಳಿದಾಗ ಡಾಕ್ಟರು ಸ್ವಲ್ಪ ಹೊತ್ತು ಹಳೇ ಡಾಪ್ಲರ್ ನೋಡಿ, "ಇದರಲ್ಲಿ ಸರಿಯಾಗಿ ಗೊತ್ತಾಗ್ತಿಲ್ಲ, ಎಂಆರ್ ವೆನೋಗ್ರಫಿ (ನಾಳಗಳ ಎಂಆರ್‌ಐ ಸ್ಕ್ಯಾನ್) ಮಾಡಿಸೋಣ, ಆಳದ ನಾಳವೂ ಕೆಟ್ಟಿದ್ದರೆ ನಿಮಗೆ ಎರಡೂ ಬೇಡ, ಪರೀಕ್ಷೆಯೂ ಬೇಡ ಸ್ಟೆಂಟೂ ಬೇಡ" ಅಂದರು. ನಾದಿನಿಯ ಮುಖದಲ್ಲಿ ಅಲ್ಲಿಯವರೆಗೆ ಇದ್ದ ಹೆದರಿಕೆ ಸ್ವಲ್ಪ ಇಳಿಯಿತು. ಬರುವ ವಾರ ಸ್ಕ್ಯಾನ್. ಅಲ್ಲಿಯವರೆಗೆ ಸಹಿ ಇಲ್ಲ. ಪಟ್ಟಿ ಕಟ್ಟುವುದನ್ನು ಅಲ್ಲಿನ ನರ್ಸ್ ಕೈಯಲ್ಲೇ ಅವಳಿಗೆ ಕಲಿಸಿಕೊಟ್ಟರು.

ಸ್ಕ್ಯಾನ್‌ಗೆ ಮುಂಚೆ ವಾರ್ಫರಿನ್ ನಿಲ್ಲಿಸಬೇಕಾ?

---

ಕ್ಯಾಥ್‌ಲ್ಯಾಬ್ ಸಿಸ್ಟರ್:

ಬೇಡ ಮೇಡಂ. ಸ್ಕ್ಯಾನ್‌ಗೆ ನಿಲ್ಲಿಸುವ ಅಗತ್ಯ ಇಲ್ಲ, ಯಾವ ಕಾರಣಕ್ಕೂ ನೀವಾಗಿ ನಿಲ್ಲಿಸಬೇಡಿ. ಮುಂದೆ ಕ್ಯಾಥೆಟರ್ ಹಾಕುವುದೇ ಆದರೆ ಮುಂದುವರಿಸಬೇಕಾ, ಬದಲಿಸಬೇಕಾ ಅಂತ ಡಾಕ್ಟರು ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ಐಎನ್‌ಆರ್ ನೋಡಿ ಹೇಳುತ್ತಾರೆ. ಸ್ಕ್ಯಾನ್‌ಗೆ ಡೈ ಹಾಕುವುದಿದ್ದರೆ ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ರಿಪೋರ್ಟ್ ಕೇಳಬಹುದು, ಹಳೆಯದಿದ್ದರೆ ಜೊತೆಗಿಡಿ. ಕಾಲು ಮುರಿದಾಗ ರಾಡ್ ಅಥವಾ ಪ್ಲೇಟ್ ಹಾಕಿದ್ದರೆ ಎಂಆರ್ ಕೋಣೆಯವರಿಗೆ ಮೊದಲೇ ತಿಳಿಸಿ.

ಸ್ಟೆಂಟ್ ಖರ್ಚು ನಿಮ್ಮದು ಅಂತಾದರೆ, ಆ ದುಡ್ಡು ಹೊಂದಿಸಲಾಗದಿದ್ದರೆ ನಾರು ತೆಗೆದು ಸ್ಟೆಂಟ್ ಇಲ್ಲದೆ ಬಿಡುತ್ತಾರಾ ಅಂತ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ತಗೊಳ್ಳಿ. ಪತ್ರದಲ್ಲಿ ಎಥಿಕ್ಸ್ ಕಮಿಟಿಯ ಫೋನ್ ನಂಬರ್ ಇರುತ್ತೆ. ಆಸ್ಪತ್ರೆಯವರಿಗೆ ಬೇಜಾರಾಗುತ್ತೆ ಅಂತ ಹಿಂಜರಿಯದೆ ಅವರಿಗೇ ಫೋನ್ ಮಾಡಿ ಇದನ್ನು ಹೇಳಿ. ಸ್ಕ್ಯಾನ್ ರಿಪೋರ್ಟ್ ಬಂದ ಮೇಲೆ ಇಲ್ಲಿ ಬರೆಯಿರಿ, ಹೆಸರು ಮತ್ತು ಆಸ್ಪತ್ರೆ ನಂಬರ್ ಅಳಿಸಿ.